ತಿಕ್ಕಿ ಅಳಿಸಿದ ಇಸವಿ

ತಟ್ಟೆ ತೊಳೆಯುವ ಹೊಸ ಮಿಷನ್ನಿಗೆ ಮೂರೂಕಾಲು ಲಕ್ಷ. ಯಾರೋ ಬಳಸಿ ಬಿಟ್ಟದ್ದಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ, ಅದೂ ಗ್ಯಾರಂಟಿ ಇಲ್ಲದೆ. ಬರೀ ಟೈಮರ್ ಬದಲಿಸಿದರೆ ಹದಿನಾಲ್ಕು ಸಾವಿರ. ಮನೆಯಲ್ಲಿ ಇದ್ದದ್ದು ಹದಿನಾರು. ಅಂದರೆ ಟೈಮರ್ ಒಂದನ್ನು ಕೊಳ್ಳಬಹುದಿತ್ತು. ತಪ್ಪಿದರೆ ಇನ್ನೊಂದನ್ನು ಕೊಳ್ಳುವ ಹಾಗಿರಲಿಲ್ಲ.

"ನೋಡಿ ಅತ್ತಿಗೆ, ಒಳಗಿನ ಚಕ್ರಗಳೆಲ್ಲ ಕರಗಿ ಬೆಲ್ಲದ ಉಂಡೆ ಆಗಿವೆ," ಎಂದು ಮೈದುನ ಹಳೆಯ ಟೈಮರನ್ನು ಅವಳ ಅಂಗೈಗೆ ಹಾಕಿದ. ಅವನು ಲಿಫ್ಟ್ ರಿಪೇರಿಯವನು. ಒಂದು ದಿನ ರಜೆ ಹಾಕಿ ಬೆಳಗಿನಿಂದ ಮಿಷನ್ನಿನ ಮುಂದೆ ಮಂಡಿಯೂರಿದ್ದ. "ಇದು ಸರಿ ಇದ್ದಿದ್ರೆ ಇದನ್ನೇ ನೋಡಿ ಹೇಳಬಹುದಿತ್ತು. ಈಗ ಮಿಷನ್ನು ತಯಾರಾದ ಇಸವಿ ಗೊತ್ತಾಗಲೇಬೇಕು."

ಬಿಡಿಭಾಗದ ಅಂಗಡಿಯವನು ಭಾನುವಾರವೇ ಫೋನಿನಲ್ಲಿ ಹೇಳಿದ್ದ. ಈ ಕಂಪನಿಯ ಮಿಷನ್ನಿಗೆ ಎರಡು ಬಗೆಯ ಟೈಮರ್. ತೊಂಬತ್ತಕ್ಕಿಂತ ಮುಂಚಿನದಕ್ಕೆ ಒಂದು, ಆಮೇಲಿನದಕ್ಕೆ ಇನ್ನೊಂದು. ಹೊರಗಿನಿಂದ ಎರಡೂ ಅವಳಿ ಮಕ್ಕಳ ಹಾಗೆ. ಅದಲುಬದಲಾದರೆ ತೊಟ್ಟಿಗೆ ನೀರು ತುಂಬುವ ಮೊದಲೇ ಹೀಟರ್ ಕಾದು ಸುಟ್ಟುಹೋಗುತ್ತದೆ. ಅವನ ಬಳಿ ಒಂದೊಂದೇ ಉಳಿದಿತ್ತು.

"ತೊಂಬತ್ತೊಂದು ಅಂತ ಬಾಯಿ ಬಡ್ಕೋತಾ ಇದ್ದೀನಲ್ಲ!" ಮೂಲೆಯಿಂದ ಗಂಡ ರೇಗಿದ. "ಮಾರಿದವನೇ ಹೇಳಿದ್ದ."

"ಮಾರೋನು ಇನ್ನೇನು ಹೇಳ್ತಾನಣ್ಣ? ಮುದುಕೀನ ಮಾರೋವಾಗ ಯಾರಾದರೂ ವಯಸ್ಸು ಸರಿಯಾಗಿ ಹೇಳ್ತಾರಾ? ಕಂಪನಿಯವರು ಹೊಡೆದ ತಗಡಿನ ಮೇಲೆ ಇಸವಿ ಬರೆದಿರಬೇಕು, ಅದನ್ನ ತೋರಿಸು."

ತಗಡು ಬಾಗಿಲಿನ ಪಕ್ಕದಲ್ಲೇ ಇತ್ತು. ಅಂಗೈಯಗಲದ್ದು, ನಾಲ್ಕು ಮೂಲೆಗೂ ಮೊಳೆ. ಆದರೆ ಅದರ ಮೇಲೆ ಒಂದು ಅಕ್ಷರವಿರಲಿಲ್ಲ, ಒಂದು ಅಂಕಿಯಿರಲಿಲ್ಲ. ಮೈದುನ ಬಗ್ಗಿದಾಗ ಅವನ ಮೂಗೇ ಅದರಲ್ಲಿ ಕಂಡಿತು. ಹತ್ತೊಂಬತ್ತು ವರ್ಷ, ಪ್ರತಿದಿನ ಕೆಲಸ ಮುಗಿದ ಮೇಲೆ ಅವಳು ಮಿಷನ್ನನ್ನು ತಲೆಯಿಂದ ಕಾಲಿನವರೆಗೆ ಪುಡಿ ಹಾಕಿ ತಿಕ್ಕಿದ್ದಳು. ತಟ್ಟೆ ತೊಳೆಯುವವರ ಮಿಷನ್ನೇ ಕೊಳೆಯಾಗಿದ್ದರೆ ಯಾರು ನಂಬುತ್ತಾರೆ ಎನ್ನುವುದು ಅವಳ ಮಾತು. ತಗಡನ್ನೂ ಬಿಟ್ಟಿರಲಿಲ್ಲ.

"ತಿಕ್ಕು, ಇನ್ನೂ ತಿಕ್ಕು," ಎಂದ ಗಂಡ. "ಅದರ ಜಾತಕಾನೇ ತಿಕ್ಕಿ ಹಾಕಿದೀಯ. ಹೊಟ್ಟೆಪಾಡಿಗೇ ಕಲ್ಲು ಹಾಕಿದೀಯ."

ಅವಳು ಪಾತ್ರೆ ತೊಳೆಯುವ ತೊಟ್ಟಿಯ ಕಡೆ ತಿರುಗಿ ಕೈ ಮುಳುಗಿಸಿದಳು. ಬಿರುಕು ಬಿಟ್ಟ ಬೆರಳುಗಳಿಗೆ ಸೋಡಾ ನೀರು ತಾಗಿ ಉಸಿರು ಒಳಗೆಳೆದುಕೊಂಡಳು.

ರಸ್ತೆಯಿಂದ ಒಂಬತ್ತು ಮೆಟ್ಟಿಲು ಇಳಿದರೆ ಸಿಗುವ ನೆಲಮಾಳಿಗೆ ಅದು. ಆ ರಸ್ತೆಯ ನಾಲ್ಕು ಹೋಟೆಲುಗಳಿಗೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯಲು ಜಾಗವಿರಲಿಲ್ಲ. ಮಧ್ಯಾಹ್ನ ಎರಡೂವರೆಗೆ ಆರುನೂರ ನಲವತ್ತು ತಟ್ಟೆ ಕ್ರೇಟುಗಳಲ್ಲಿ ಇಳಿದು ಬರುತ್ತಿದ್ದವು, ಸಂಜೆ ಆರಕ್ಕೆ ಬಿಸಿಬಿಸಿಯಾಗಿ ಮೇಲೆ ಹೋಗಬೇಕಿತ್ತು. ಸೋಮವಾರ ಗಂಡ ಹೆಂಡತಿ ಕೈಯಲ್ಲೇ ತೊಳೆದರು. ಬೆನ್ನು ನೋವಿನ ಗಂಡ ನೂರು ತಟ್ಟೆಗೇ ಗೋಡೆ ಹಿಡಿದು ಕೂತ. ಕೊನೆಯ ಕ್ರೇಟು ಮೇಲೆ ಹೋದಾಗ ಏಳೂವರೆ.

ಇವತ್ತು, ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ ಮೂಲೆ ಹೋಟೆಲಿನಾಕೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಇಳಿದು ಬಂದಳು. ಇನ್ನೂರ ಎಂಬತ್ತು ತಟ್ಟೆ ಅವಳೊಬ್ಬಳದೇ.

"ನಿನ್ನ ಮೇಲೆ ನನಗೇನು ಸಿಟ್ಟಾ, ಹೇಳಮ್ಮ? ನಿನ್ನೆ ಗಿರಾಕಿ ತಟ್ಟೆ ಎತ್ತಿ ಮೂಸಿ ನೋಡಿದ. ನನ್ನ ಕಣ್ಣೆದುರಿಗೆ! ಕಾಗದದ ತಟ್ಟೆಯವನು ವಾರಕ್ಕೆರಡು ಸಲ ಬಂದು ಜೀವ ತಿಂತಾನೆ. ನಾಳೆ ಸಂಜೆ ಆರರ ತನಕ ನೋಡ್ತೀನಿ. ಅಷ್ಟರೊಳಗೆ ಮೊದಲಿನ ಹಾಗೆ ಆಗದಿದ್ರೆ ನಾನೇನು ಮಾಡಲಿ?"

"ಆಗುತ್ತಕ್ಕ," ಎಂದಳು ಇವಳು. ಹೇಗೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಮೈದುನ ಟಾರ್ಚ್ ಹಿಡಿದು ಪ್ಲಾಸ್ಟಿಕ್ಕಿನ ಒಂದೊಂದೇ ಭಾಗವನ್ನು ಬಿಚ್ಚಿ ತಿರುವಿ ನೋಡತೊಡಗಿದ. ಅಚ್ಚು ಹಾಕುವಾಗಲೇ ಒಳಮೈಯಲ್ಲಿ ಗಡಿಯಾರದಂಥ ಒಂದು ಸಣ್ಣ ಗುರುತು ಬಿಟ್ಟಿರುತ್ತಾರೆ, ನಡುವೆ ಇಸವಿ, ಸುತ್ತ ತಿಂಗಳು. ಬಾಗಿಲಿನ ಹಿಡಿಯಲ್ಲಿ ತೊಂಬತ್ತನಾಲ್ಕು. ಸೋಪಿನ ಬಟ್ಟಲಿನಲ್ಲಿ ತೊಂಬತ್ತೆರಡು.

"ನಾನು ಹೇಳಿರಲಿಲ್ವಾ?" ಗಂಡ ಎದ್ದು ನಿಂತ. "ಎರಡೂ ತೊಂಬತ್ತರ ಈಚಿನವೇ."

"ಆ ಬಟ್ಟಲು ಇದರದ್ದಲ್ಲ," ಎಂದಳು ಅವಳು ಕೈ ಒರೆಸುತ್ತ.

"ನಿನಗೆ ಹೇಗೆ ಗೊತ್ತು?"

"ಅದರ ಅಂಚು ಕೈ ಕೊಯ್ಯುತ್ತೆ. ಮಿಕ್ಕಿದ್ದು ಯಾವುದೂ ಕೊಯ್ಯಲ್ಲ. ಹಿಡಿಯ ಸ್ಕ್ರೂ ಬೇರೆ ಥರದ್ದು, ಅದರ ತಲೇಲಿ ಕೊಳೆ ಕೂರುತ್ತೆ, ಕಡ್ಡಿ ಹಾಕಿ ತೆಗೀಬೇಕು. ಎರಡನ್ನೂ ಯಾರೋ ಆಮೇಲೆ ಹಾಕಿದಾರೆ."

ಮೈದುನ ಸ್ಕ್ರೂಗಳನ್ನು ಹತ್ತಿರದಿಂದ ನೋಡಿದ. ತಲೆಯಾಡಿಸಿದ. "ಸರಿ ಅತ್ತಿಗೆ. ಹಾಗಾದ್ರೆ ಯಾರೂ ಬದಲಿಸೋಕೆ ಆಗದೇ ಇರೋದು ಯಾವುದು? ತಳದ ಪ್ಲಾಸ್ಟಿಕ್ ತೊಟ್ಟಿ. ಅದನ್ನ ಬದಲಿಸೋದು ಅಂದ್ರೆ ಮಿಷನ್ನನ್ನೇ ಬದಲಿಸಿದ ಹಾಗೆ. ಗುರುತು ಅದರ ಹಿಂಬದಿ ಇರಬೇಕು."

ತಳದ ತೊಟ್ಟಿಗೂ ಗೋಡೆಗೂ ನಡುವೆ ನಾಲ್ಕು ಬೆರಳಿನ ಸಂದು. ಮೈದುನನ ಮುಂಗೈ ತೂರಲಿಲ್ಲ, ಫೋಟೊ ತೆಗೆಯಲೆಂದು ತೂರಿಸಿದ ಫೋನು ಅಡ್ಡವಾಗಿ ಸಿಕ್ಕಿಕೊಂಡಿತು. ಮಿಷನ್ನು ಸರಿಸೋಣವೆಂದರೆ ಕೊಳವೆಗಳು ಗೋಡೆಯೊಳಗೆ ಹೂತಿದ್ದವು. ಅವಳು ನೆಲದ ಮೇಲೆ ಮಗ್ಗುಲಾಗಿ ಮಲಗಿ ತೋಳನ್ನು ಭುಜದವರೆಗೆ ತೂರಿಸಿದಳು. ಇಷ್ಟು ವರ್ಷದಲ್ಲಿ ಅವಳ ಕೈ ಮುಟ್ಟದ ಒಂದೇ ಜಾಗ ಅದು. ಜಿಡ್ಡು ಬೆರಳಿನಷ್ಟು ದಪ್ಪ ಕಟ್ಟಿತ್ತು. ಉಗುರಿನಿಂದ ಕೆರೆದಳು. ಏನೋ ಉಬ್ಬು ಸಿಕ್ಕಿತು, ಆದರೆ ಮರಗಟ್ಟಿದ ಬೆರಳಿಗೆ ಅಂಕಿ ಯಾವುದೆಂದು ತಿಳಿಯಲಿಲ್ಲ.

"ಬಟ್ಟೆ ಸೋಪು ಕೊಡಿ. ನೀರಲ್ಲಿ ನೆನೆಸಿ ಕೊಡಿ."

ಮೆತ್ತಗಾದ ಸೋಪಿನ ತುಂಡನ್ನು ಒಳಗೆ ಒಯ್ದು ಆ ಉಬ್ಬಿನ ಮೇಲೆ ಬಲವಾಗಿ ಒತ್ತಿದಳು. ಮೊದಲ ಸಲ ಅಚ್ಚು ಜಾರಿತು. ಎರಡನೇ ಸಲ ಹೊರಗೆ ತಂದಾಗ ಸೋಪಿನ ಮೇಲೆ ಒಂದು ವೃತ್ತ, ನಡುವೆ ತಿರುಗುಮುರುಗಾದ ಎರಡು ಅಂಕಿ. ಮೈದುನ ಅದನ್ನು ಆ ಬೋಳು ತಗಡಿನ ಮುಂದೆ ಹಿಡಿದ. ತಗಡಿನಲ್ಲಿ ಸ್ಪಷ್ಟವಾಗಿ ಕಂಡಿತು: ಎಂಬತ್ತೇಳು.

"ಹಳೇ ಬಗೆ!" ಮೈದುನ ತೊಡೆ ತಟ್ಟಿದ. "ಅಣ್ಣ, ಫೋನು ಹಚ್ಚು. ಹಳೇದೇ ಬೇಕು ಅಂತ ಹೇಳು."

ಗಂಡ ಫೋನು ತೆಗೆಯಲಿಲ್ಲ. ಕ್ರೇಟಿನ ಮೇಲೆ ಕೂತು ತನ್ನ ಮೊಣಕಾಲನ್ನೇ ನೋಡುತ್ತಿದ್ದ.

"ನಿನ್ನೇನೇ ತರಿಸಿದೆ," ಎಂದ ಕೊನೆಗೆ. "ದುಡ್ಡೂ ಕಳಿಸಿದೆ. ತೊಂಬತ್ತರ ಆಮೇಲಿಂದು. ಬಸ್ಸಿಗೆ ಹಾಕಿದಾನೆ, ನಾಲ್ಕಕ್ಕೆ ಬರುತ್ತೆ."

ಮೈದುನ ಸೋಪಿನ ತುಂಡನ್ನು ಕೆಳಗಿಟ್ಟ. ನಲ್ಲಿಯಿಂದ ನೀರು ತೊಟ್ಟಿಕ್ಕುವುದು ಕೇಳಿಸಿತು.

"ಒಂದು ಮಾತು ಕೇಳಬಾರದಿತ್ತಾ?" ಎಂದಳು ಅವಳು. ನೆಲದಿಂದ ಇನ್ನೂ ಎದ್ದಿರಲಿಲ್ಲ.

"ನಿನ್ನ ಕೈ ನೋಡೋಕಾಗಲಿಲ್ಲ ಕಣೆ. ಬೇಗ ಬರಲಿ ಅಂತ."

ಮೈದುನನೇ ಅಂಗಡಿಯವನಿಗೆ ಫೋನು ಮಾಡಿ ಗೋಗರೆದ. "ವಾಪಸ್ ತಗೊಳ್ಳಲ್ಲ ಅಂತ ಬಿಲ್ಲಲ್ಲೇ ಬರೆದಿದೆ ಸ್ವಾಮಿ," ಎಂದ ಅವನು. ಐದು ನಿಮಿಷ ಬೇಡಿಕೊಂಡ ಮೇಲೆ ಮೆತ್ತಗಾದ. "ಸೀಲು ಒಡೀದೆ ನನ್ನ ಕೈಗೇ ತಂದುಕೊಟ್ರೆ ಬದಲಾಯಿಸಿಕೊಡ್ತೀನಿ. ಕೈಗೇ. ಬಸ್ಸಿಗೆ ಹಾಕಿ ಆಮೇಲೆ ಒಡೆದುಹೋಯ್ತು ಅನ್ಬೇಡಿ."

ಆ ಅಂಗಡಿಯ ಊರಿಗೆ ಏಳು ಗಂಟೆಯ ದಾರಿ. ಮೈದುನನಿಗೆ ಮರುದಿನ ರಜೆಯಿರಲಿಲ್ಲ. "ನಾನೇ ಹೋಗ್ತೀನಿ," ಎಂದ ಗಂಡ. ಬಸ್ಸಿನಲ್ಲಿ ಅಷ್ಟು ಹೊತ್ತು ಕೂತರೆ ಅವನ ಬೆನ್ನು ಏನಾಗುತ್ತದೆಂದು ಮೂವರಿಗೂ ಗೊತ್ತಿತ್ತು. ನಾಲ್ಕೂವರೆಗೆ ಪಾರ್ಸೆಲ್ಲನ್ನು ಮಗುವಿನ ಹಾಗೆ ಎದೆಗೆ ಅವುಚಿಕೊಂಡು ಬಸ್ಸು ಹತ್ತಿದ.

ಬುಧವಾರ ಅವಳೊಬ್ಬಳೇ. ಮೂಲೆ ಹೋಟೆಲಿನ ತಟ್ಟೆಗಳನ್ನೇ ಮೊದಲು ಹಿಡಿದಳು. ಗ್ಲೌಸಿನೊಳಗೆ ನೀರು ನುಗ್ಗಿತು, ಕಿತ್ತೆಸೆದಳು. ನಾಲ್ಕಕ್ಕೆ ನೂರ ಐವತ್ತು. ಐದಕ್ಕೆ ಇನ್ನೂರು ದಾಟಿತ್ತು. ಕಾಯಿಸಿದ ನೀರು ಮುಗಿದು ಮತ್ತೆ ಇಟ್ಟಳು, ಕಾಯುವವರೆಗೆ ತಡೆಯಲಾರದೆ ತಣ್ಣೀರಲ್ಲೇ ಅದ್ದಿದಳು. ಒರೆಸುವ ಬಟ್ಟೆಗಳೆಲ್ಲ ಒದ್ದೆ. ಕೊನೆಗೆ ತನ್ನ ಸೆರಗಿನಲ್ಲೇ ಒರೆಸತೊಡಗಿದಳು. ಒಂದು ಬಿಳಿ ತಟ್ಟೆಯ ಅಂಚಿಗೆ ಕೆಂಪು ಹತ್ತಿತ್ತು. ಬೆರಳು ಒಡೆದದ್ದು ಆಗ ಗೊತ್ತಾಯಿತು. ಆ ತಟ್ಟೆಯನ್ನು ಮತ್ತೆ ತೊಳೆದಳು.

ಆರಕ್ಕೆ ಮೂಲೆ ಹೋಟೆಲಿನಾಕೆ ತಾನೇ ಬಂದಳು. ಜೋಡಿಸಿಟ್ಟ ತಟ್ಟೆಗಳಲ್ಲಿ ಮೇಲಿನದನ್ನು ಎತ್ತಿ ಬೆಳಕಿಗೆ ಹಿಡಿದಳು, ಹೆಬ್ಬೆರಳಿನಿಂದ ಒಮ್ಮೆ ಸವರಿದಳು. ಹೆಬ್ಬೆರಳು ಜಿಡ್ಡಿಗೆ ಜಾರಿತು. ಆಮೇಲೆ ಇವಳ ಕೈ ನೋಡಿದಳು.

"ಇವರು ಬರ್ತಾ ಇದಾರೆ ಅಕ್ಕ. ಸಾಮಾನು ಸಿಕ್ಕಿದೆ. ನಾಳೆಯಿಂದ..."

"ಕೈಗೆ ಏನಾದ್ರೂ ಹಚ್ಕೋ ಮೊದಲು," ಎಂದಳು ಆಕೆ. ತಟ್ಟೆಯನ್ನು ಸದ್ದಾಗದಂತೆ ಮತ್ತೆ ಇಟ್ಟಳು. "ಇವನ್ನೆಲ್ಲ ಹೋಟೆಲಿಗೆ ಕಳಿಸಿಬಿಡು. ಕಾಗದದವನಿಗೆ ಆಗಲೇ ಹೇಳಿಬಿಟ್ಟೆ."

ಗಂಡ ಬಂದಾಗ ಏಳು ಗಂಟೆ. ಮೆಟ್ಟಿಲನ್ನು ಒಂದೊಂದಾಗಿ, ಗೋಡೆ ಸವರಿಕೊಂಡು ಇಳಿದ. ಹಿಂದೆಯೇ ಕೆಲಸದ ಬಟ್ಟೆಯಲ್ಲೇ ಮೈದುನ. ಅವಳು ಮೂಲೆ ಹೋಟೆಲಿನ ವಿಷಯ ಹೇಳಿದಳು. ಗಂಡ "ಹೂಂ" ಎಂದು ಟೈಮರನ್ನು ತಮ್ಮನ ಕೈಗೆ ಕೊಟ್ಟ. ಮುಕ್ಕಾಲು ಗಂಟೆಯ ನಂತರ ಗುಂಡಿ ಒತ್ತಿದರು. ಮೊದಲು ನೀರು ಗುಳುಗುಳು ಎಂದಿತು. ತೊಟ್ಟಿ ತುಂಬಿತು. ಆಮೇಲೆ, ನೀರು ತುಂಬಿದ ಆಮೇಲೆಯೇ, ಹೀಟರ್ ಸಣ್ಣಗೆ ಗುಂಯ್‌ಗುಟ್ಟಿತು.

"ಬದುಕಿದಳು ಮುದುಕಿ," ಎಂದ ಮೈದುನ. ಅವಳು ಉಳಿದಿದ್ದ ಮೂರು ಹೋಟೆಲುಗಳ ತಟ್ಟೆಗಳನ್ನು ಒಳಗೆ ತಳ್ಳಿದಳು.

ಗುರುವಾರ ಎರಡೂವರೆಗೆ ಮೂರು ಹೋಟೆಲುಗಳ ಕ್ರೇಟುಗಳು ಇಳಿದು ಬಂದವು. ಗಂಡ ಕೂತಲ್ಲಿಂದಲೇ ತಟ್ಟೆ ಜೋಡಿಸಿ ಕೊಟ್ಟ, ಬೆರಳಿಗೆಲ್ಲ ಬಟ್ಟೆ ಸುತ್ತಿಕೊಂಡಿದ್ದ ಅವಳು ಮಿಷನ್ನಿಗೆ ತಳ್ಳಿದಳು. ನಾಲ್ಕೂಕಾಲಿಗೇ ಎಲ್ಲ ಮುಗಿಯಿತು. ಆರರವರೆಗೆ ಮಾಡಲು ಏನೂ ಇರಲಿಲ್ಲ. ಇಬ್ಬರೂ ಖಾಲಿ ಕ್ರೇಟುಗಳನ್ನು ಬೋರಲು ಹಾಕಿಕೊಂಡು ಕೂತರು. ತಟ್ಟೆಗಳಿಂದ ಹಬೆ ಏಳುತ್ತಿತ್ತು. ಮಿಷನ್ನು ಉಳಿದಿತ್ತು. ದಿನಕ್ಕೆ ಇನ್ನೂರ ಎಂಬತ್ತು ತಟ್ಟೆ ಹೋಗಿದ್ದವು.