ನೀಲಿಗಾಗಿ ಒಂದು ಸುಳ್ಳು

ಖಂಡೆಪ್ಪನ ಕೈಯಿಂದ ಕೋಲು ಕಿತ್ತುಕೊಂಡು ಚಂದಮ್ಮ ಹಿತ್ತಲಿಗೆ ಎಸೆದಳು.

“ತಂಗಿ ಹೆಣ ಅಂಗಳದಾಗ ಬಿದ್ದದ. ನೀ ಇಲ್ಲಿ ನೀಲಿ ಕಲಸ್ಲಿಕತ್ತೀದಿ? ನಾಚಿಕಿ ಬ್ಯಾಡಾ?”

“ಕಲಸಲಿಲ್ಲಂದ್ರ ಗುಡಾಣ ಕೆಡ್ತದಕ್ಕಾ.”

ಕೆಡ್ತದಂತೆ! ಈ ಮನೆಯಲ್ಲಿ ಮನುಷ್ಯರಿಗಿಂತ ಬಣ್ಣದ ಗುಡಾಣದ ಚಿಂತೆಯೇ ಹೆಚ್ಚು. ಬಟ್ಟೆಗೆ ನೀಲಿ ಅದ್ದುವ ಸೇಡಂನ ನೀಲಗಾರ ಖಂಡೆಪ್ಪನ ತಂಗಿ ಸಾಬಮ್ಮ ಬೆಳಗ್ಗೆ ಜ್ವರದಲ್ಲಿ ತೀರಿಕೊಂಡಿದ್ದಳು. ಹೊತ್ತು ನೆತ್ತಿಗೆ ಬಂದರೂ ಚಟ್ಟಕ್ಕೆ ಹೆಗಲು ಕೊಡಲು ಒಬ್ಬನೂ ಎದ್ದಿರಲಿಲ್ಲ. ಖಂಡೆಪ್ಪನೇ ಅದ್ದಿಕೊಟ್ಟ ನೀಲಿ ರುಮಾಲು ಸುತ್ತಿಕೊಂಡು ಗಂಡಸರೆಲ್ಲ ಬೀಡಿ ಸೇದುತ್ತ ಕೂತಿದ್ದರು.

“ಓಡಿಹೋದಾಕಿಗಿ ಹೆಗಲು ಕೊಟ್ರ ನಮ್ಮ ಮನಿ ಹುಡ್ಗೇರ ಗತಿ ಏನ್ರಿ?” ಎಂದ ಕುಲದ ಹಿರಿಯ ಶರಣಬಸಪ್ಪ.

ಸಾಬಮ್ಮ ಎಲ್ಲಿಗೂ ಓಡಿಹೋಗಿರಲಿಲ್ಲ. ಅದು ಅವರ ದೊಡ್ಡಮ್ಮನ ಮಗಳು ಚಂದಮ್ಮನಿಗೆ ಗೊತ್ತಿತ್ತು, ಖಂಡೆಪ್ಪನಿಗೂ ಗೊತ್ತಿತ್ತು.

*

ಇಪ್ಪತ್ತು ವರ್ಷದ ಹಿಂದೆ ಸಾಬಮ್ಮನ ಮದುವೆ ಗೊತ್ತಾಗಿತ್ತು. ಆ ಮನೆಯ ಹೆಣ್ಣುಮಕ್ಕಳು ಗಂಡನ ಮನೆಗೆ ಹೋಗುತ್ತಿದ್ದದ್ದು ನೀಲಿ ಸೀರೆ ಉಟ್ಟು. ಮಾಸದ ಬಣ್ಣ, ಮುತ್ತೈದೆತನವೂ ಹಾಗೇ ಇರಲಿ ಎಂಬ ಆಸೆ. ಆ ಸೀರೆ ಅದ್ದುವ ಹೊತ್ತಿಗೇ ನೀಲಿ ಕೆಟ್ಟಿತು. ಎಷ್ಟು ಅದ್ದಿದರೂ ಬೂದಿ ಬಣ್ಣ.

ಕೆಟ್ಟ ನೀಲಿಗೆ ಅವರ ಮದ್ದು ಒಂದೇ: ಊರಲ್ಲೊಂದು ದೊಡ್ಡ ಸುಳ್ಳು ಹಬ್ಬಿಸುವುದು. ಊರು ನಂಬಿದರೆ ನೀಲಿ ತಿರುಗಿಕೊಂಡು ಮತ್ತೆ ಬಣ್ಣ ಕೊಡುತ್ತದೆ. ಖಂಡೆಪ್ಪನ ಅಪ್ಪ ಒಮ್ಮೆ, ನಿಜಾಮನ ರೈಲು ಕಾಗಿಣಾ ಹೊಳೆಗೆ ಬಿತ್ತೆಂದು ಕೂಗಿ ಜನರನ್ನು ಓಡಿಸಿದ್ದ. ಮಗನೂ ಅದೇ ರೈಲಿನ ಸುಳ್ಳು ಕೂಗಿ ನೋಡಿದ, ಯಾರೂ ಮರುಳಾಗಲಿಲ್ಲ. ಸಾಬಮ್ಮ ಆಗ ಚಿತ್ತಾಪುರದಲ್ಲಿ ಚಂದಮ್ಮನ ಬಾಣಂತನ ಮಾಡುತ್ತಿದ್ದಳು. ಖಂಡೆಪ್ಪ ಸಂತೆಯಲ್ಲಿ ನಿಂತು, ತಂಗಿ ಶಹಾಬಾದದ ಕಲ್ಲುಗಣಿಯವನ ಜೊತೆ ಓಡಿಹೋದಳೆಂದು ಎದೆ ಬಡಿದುಕೊಂಡ.

ತಂಗಿಯ ಮಾನವನ್ನು ಯಾರಾದರೂ ಸುಳ್ಳಿಗೆ ಹಾಕುತ್ತಾರೆಯೇ? ಊರು ನಂಬಿತು. ನೀಲಿ ತಿರುಗಿತು. ಸೀರೆ ಕಣ್ಣಿಗೆ ಹಬ್ಬವಾಗುವಂತೆ ಬಂತು. ಗಂಡಿನವರು ಮಾತ್ರ ಬರಲಿಲ್ಲ.

“ಖರೆ ಹೇಳಣ್ಣಾ,” ಎಂದು ಊರಿಗೆ ಮರಳಿದ ಸಾಬಮ್ಮ ಕಾಲು ಹಿಡಿದಳು. ಸುಳ್ಳು ಬಯಲಾದರೆ ನೀಲಿ ಮತ್ತೆ ಕೆಡುತ್ತದೆಂದು ಅವನು ಬಾಯಿ ಬಿಡಲಿಲ್ಲ. ಅಣ್ಣನೇ ಹೇಳಿದ ಮೇಲೆ ಚಂದಮ್ಮನ ಮಾತು ಯಾರು ಕೇಳಬೇಕು? ಸೀರೆಯನ್ನು ಬೇರೆ ಯಾರದೋ ಮದುವೆಗೆ ಮಾರಿದ. ಸಾಬಮ್ಮ ಸಾಯುವತನಕ ಅದೇ ಗುಡಾಣಕ್ಕೆ ನೀರು ಹೊತ್ತಳು. ಬಾವಿಯ ಹತ್ತಿರ ಬೇರೆ ಹೆಂಗಸರೆಲ್ಲ ನೀರು ಸೇದಿಕೊಂಡು ಹೋದ ಮೇಲೆ ಅವಳ ಸರದಿ.

*

ಚಂದಮ್ಮ ಅವನ ರಟ್ಟೆ ಹಿಡಿದು ಅಂಗಳಕ್ಕೆ ಎಳೆದು ತಂದಳು.

“ಹೇಳು. ಹೆಣದ ಮುಂದ ನಿಂತು ಹೇಳು.”

“ಸಾಬಿ ಓಡಿಹೋಗಿಲ್ರಿ,” ಖಂಡೆಪ್ಪ ಹೇಳಿದ. “ನಾನೇ ಸುಳ್ಳು ಹೇಳೀನ್ರಿ. ನೀಲಿ ಕೆಟ್ಟಿತ್ತು, ಅದಕ್ಕ.”

ಶರಣಬಸಪ್ಪ ಬೀಡಿಯ ಬೂದಿ ಕೊಡವಿ ನಕ್ಕ.

“ಈಗ ಮತ್ತ ಕೆಟ್ಟದೇನೋ ಖಂಡ್ಯಾ? ಹೆಣಾ ಮುಂದಿಟ್ಕೊಂಡು ಸುಳ್ಳು ಹಬ್ಬಿಸ್ತೀ?”

ಅಂಗಳಕ್ಕೆ ಅಂಗಳವೇ ನಕ್ಕಿತು.

“ನಿಮ್ಮ ಬಾಯಾಗ ಹುಳಾ ಬೀಳ್ಲಿ!” ಚಂದಮ್ಮ ಸೆರಗು ಬಿಗಿದು ಚಟ್ಟಕ್ಕೆ ಹೆಗಲು ಕೊಟ್ಟಳು. ಪಕ್ಕದ ಮನೆಯ ಬಳೆಗಾರ್ತಿ ಹಮೀದಾಬೇಗಂ ಓಡಿ ಬಂದು ಇನ್ನೊಂದು ಬದಿ ಹಿಡಿದಳು. ಅವಳ ಗಂಡ ಅಬ್ದುಲ್ ಸಲಾಂ ಸದ್ದಿಲ್ಲದೆ ಹಿಂದೆ ನಿಂತ. ಒಂದು ಮೂಲೆ ಉಳಿಯಿತು.

“ಹೊರು,” ಎಂದಳು ಚಂದಮ್ಮ ಖಂಡೆಪ್ಪನಿಗೆ. “ಸುಡಗಾಡ ತನಕ ಒದರಿಕೋತ ಹೊರು.”

ಅವನು ಒದರುತ್ತ ನಡೆದ. “ನನ್ ತಂಗಿ ಓಡಿಹೋಗಿಲ್ರಿ! ನಾ ಹೇಳಿದ್ದು ಸುಳ್ಳ್ರಿ!” ಅಂಗಡಿ ಸಾಲಿನವರು ಎದ್ದು ಹೊರಬಂದರು. ಹೆಣಕ್ಕೆ ಕೈ ಮುಗಿಯಬೇಕಾದವರು ಒಬ್ಬರನ್ನೊಬ್ಬರು ತಿವಿದು ನಕ್ಕರು.

“ನೀಲಿ ತಿರುಗ್ತೇನೋ ಖಂಡೆಪ್ಪಾ?” ಎನ್ನುತ್ತ ಕಿರಾಣಿಯವನೊಬ್ಬ ಕಟ್ಟೆಯ ಮೇಲೆ ನಿಂತು, ಇದನ್ನೂ ನೀಲಿಯಲ್ಲಿ ಅದ್ದಿಕೊಡೆಂದು ತನ್ನ ಬಿಳಿ ರುಮಾಲು ಬಿಚ್ಚಿ ಹೆಣದ ಮೇಲೆ ಚಾಚಿ ಹಿಡಿದ.