ಗಾಜು ಕೈಯಲ್ಲಿದ್ದಾಗ

ಅಪ್ಪನ ಎಡಗಾಲಿನ ಚಪ್ಪಲಿಯ ಹಿಂಬದಿಗೆ ಅಗಲವಾದ ಎಲಾಸ್ಟಿಕ್ ಪಟ್ಟಿ ಹೊಲಿಯುತ್ತಿದ್ದೆ. ಚರ್ಮ ದಪ್ಪ, ಸೂಜಿ ಬಗ್ಗುತ್ತಿತ್ತು. ಅಪ್ಪ ಅಂಗಡಿಯ ಬೆಂಚಿನ ಮೇಲೆ ಕೂತು ನೋಡುತ್ತಿದ್ದ. ದಾರ ಕಡಿದು ಚಪ್ಪಲಿಯನ್ನು ಅವನ ಮುಂದಿಟ್ಟೆ. ಅವನು ಜೋತುಬಿದ್ದ ಪಾದವನ್ನು ಕೈಯಿಂದ ಹಿಡಿದು ಅದರೊಳಗೆ ತೂರಿಸಿದ.

ನಮ್ಮದು ಗಾಜಿನ ಅಂಗಡಿ. ಕಿಟಕಿಗೆ, ಕಪಾಟಿಗೆ ಅಳತೆ ತೆಗೆದು ಕತ್ತರಿಸಿ ಕೊಡುವುದು. ಅಮ್ಮ ತೀರಿಕೊಂಡ ವರ್ಷ ನಾನು ಶಾಲೆ ಬಿಟ್ಟು ಗಾಜಿನ ಇನ್ನೊಂದು ತುದಿ ಹಿಡಿಯಲು ಬಂದೆ. ಬೇಜಾರೇನೂ ಆಗಲಿಲ್ಲ. ಶಾಲೆಯಲ್ಲಿ ಎದ್ದು ನಿಂತು ಉತ್ತರ ಹೇಳುವುದೆಂದರೆ ನನಗೆ ಜೀವವೇ ಬಾಯಿಗೆ ಬರುತ್ತಿತ್ತು. ಇಲ್ಲಿ ಮಾತೇ ಬೇಡ. ದೊಡ್ಡ ಗಾಜು ಎತ್ತಿದ ಮೇಲೆ ಅದನ್ನು ಮೇಜಿನ ಮೇಲೆ ಮಲಗಿಸುವ ತನಕ ಇಬ್ಬರೂ ತುಟಿ ಬಿಚ್ಚುವಂತಿಲ್ಲ. ಒಬ್ಬರು ಕೂಗಿದರೆ ಇನ್ನೊಬ್ಬರು ಬೆಚ್ಚುತ್ತಾರೆ. ಬೆಚ್ಚಿದರೆ ಗಾಜು ಹೋಗುತ್ತದೆ, ಅದರ ಜೊತೆ ಯಾರದೋ ಕೈಯೋ ಕಾಲೋ ಹೋಗುತ್ತದೆ. ಒಮ್ಮೆ ಅಂಚು ನನ್ನ ಅಂಗೈಯನ್ನು ಸೀಳಿತು. ರಕ್ತ ಗಾಜಿನ ಮೇಲೆ ಇಳಿಯುತ್ತಿದ್ದರೂ ಹಲ್ಲು ಕಚ್ಚಿಕೊಂಡು ಮೇಜಿನವರೆಗೆ ನಡೆದೆ. ಅಪ್ಪ ಬಟ್ಟೆ ಸುತ್ತುತ್ತಾ, "ಈಗ ನೀನು ಕೆಲಸ ಕಲಿತೆ" ಅಂದ. ಆ ಒಂದು ಮಾತನ್ನು ಬಹಳ ದಿನ ಮೆಲುಕು ಹಾಕಿದ್ದೆ.

ಪಕ್ಕದ ಬೀದಿಯಲ್ಲಿರುವ ಅತ್ತೆ, ಅಪ್ಪನ ಅಕ್ಕ, ನಮ್ಮನ್ನು ಕಂಡರೆ ಸುಮ್ಮನಿರುತ್ತಿರಲಿಲ್ಲ. "ಅಪ್ಪ ಗುಮ್ಮ, ಮಗಳು ಗುಮ್ಮನಗುಸುಕಿ. ಈ ಮನೆಗೆ ಕಳ್ಳ ಬಂದ್ರೂ ಮಾತಾಡೋರಿಲ್ಲ ಅಂತ ಬೇಜಾರಾಗಿ ವಾಪಸ್ ಹೋಗ್ತಾನೆ!"

ಸೊಂಟದ ನೋವು ಶುರುವಾದಾಗಲೂ ಅಪ್ಪ ಹೇಳಿಕೊಳ್ಳಲಿಲ್ಲ. ಬಗ್ಗಿ ಗಾಜು ಒರೆಸುವಾಗ ಅವನು ಎಡಗಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಳ್ಳುವುದನ್ನು ನಾನೇ ನೋಡಿದೆ. ನಾನು ಅತ್ತೆಗೆ ಹೇಳಿದೆ, ಅತ್ತೆ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆ ಜಾರಿ ಕಾಲಿನ ನರವನ್ನು ಒತ್ತುತ್ತಿದೆ ಎಂದರು ಡಾಕ್ಟರು. ಚಿಕ್ಕ ವಯಸ್ಸಿನವರು, ಸಮಾಧಾನವಾಗಿ ಬಿಡಿಸಿ ಹೇಳಿದರು. ಬೆನ್ನನ್ನು ಉದ್ದಕ್ಕೆ ಕೊಯ್ಯುವುದಿಲ್ಲ. ಪೆನ್ಸಿಲ್ ದಪ್ಪದ ಕೊಳವೆ ಒಳಗೆ ಹೋಗುತ್ತದೆ, ಅದರ ತುದಿಯ ಕ್ಯಾಮೆರಾ ಎಲ್ಲವನ್ನೂ ಟಿವಿಯಲ್ಲಿ ತೋರಿಸುತ್ತದೆ, ಅದೇ ಕೊಳವೆಯೊಳಗೆ ಪುಟ್ಟ ಚಿಮಟ ಇಳಿಸಿ ಜಾರಿದ ತುಣುಕನ್ನು ಕಿತ್ತು ತೆಗೆಯುವುದು.

"ಪೂರ್ತಿ ನಿದ್ದೆ ಬರಿಸಲ್ಲ ಯಜಮಾನ್ರೇ. ನರದ ಪಕ್ಕದಲ್ಲೇ ಕೆಲಸ. ಅದಕ್ಕೆ ತಾಗಿದ್ರೆ ಕಾಲಿಗೆ ಕರೆಂಟ್ ಹೊಡೆದ ಹಾಗಾಗುತ್ತೆ. ತಕ್ಷಣ ಕೂಗಬೇಕು. ನೀವು ಕೂಗಿದ್ರೇನೇ ನಂಗೆ ಗೊತ್ತಾಗೋದು."

"ಇವನು ಕೂಗೋದಾ?" ಅತ್ತೆ ನಕ್ಕಳು. "ಹುಟ್ಟಿದಾಗ್ಲೂ ಅಳಲಿಲ್ವಂತೆ ಡಾಕ್ಟ್ರೇ. ಬೆನ್ನಿಗೆ ಎರಡು ಬಾರಿಸಿ ಅಳಿಸಿದ್ರಂತೆ."

"ನನ್ನನ್ನ ಬೈದ್ರೂ ಪರವಾಗಿಲ್ಲ, ಬಾಯಿ ಮಾತ್ರ ಬಿಡಿ" ಎಂದು ಡಾಕ್ಟರೂ ನಕ್ಕರು. ಅಪ್ಪ ತಲೆಯಾಡಿಸಿದ. ನಾನೂ ನಕ್ಕೆ.

ಆಪರೇಷನ್ ದಿನ ನಾನೂ ಅತ್ತೆಯೂ ಹೊರಗೆ ಕುರ್ಚಿಯಲ್ಲಿ ಕಾದೆವು. ಕೊನೆಗೆ ನರ್ಸ್ ಹೊರಗೆ ಬಂದು ಮಾಸ್ಕ್ ಕೆಳಗೆಳೆದಳು. "ನಿಮ್ಮ ತಂದೆ ಚಿನ್ನದಂಥ ಪೇಷಂಟ್! ಒಂದ್ಸಲನೂ ಹಾ ಅನ್ಲಿಲ್ಲ."

ಅತ್ತೆ ಹೆಮ್ಮೆಯಿಂದ ನನ್ನ ತೊಡೆ ತಟ್ಟಿದಳು. ನನ್ನ ಕೈ ತಾನಾಗಿಯೇ ಅಂಗೈಯ ಹಳೆಯ ಗಾಯದ ಗೆರೆಯನ್ನು ಸವರತೊಡಗಿತು.

ಸಂಜೆ ಡಾಕ್ಟರು ಬಂದು ಅಪ್ಪನ ಎರಡೂ ಕಾಲಿನ ಹೆಬ್ಬೆರಳ ಮೇಲೆ ತಮ್ಮ ಬೆರಳಿಟ್ಟು, ಮೇಲಕ್ಕೆ ತಳ್ಳಿ ಅಂದರು. ಬಲಗಾಲು ತಳ್ಳಿತು. ಎಡಗಾಲಿನ ಬೆರಳು ಯಾರದೋ ಎಂಬಂತೆ ಬಿದ್ದಿತ್ತು. ಇನ್ನೊಮ್ಮೆ ಅಂದರು. ಅಪ್ಪನ ಕುತ್ತಿಗೆಯ ನರ ಉಬ್ಬಿತೇ ಹೊರತು ಪಾದ ಅಲುಗಲಿಲ್ಲ.

"ಮಧ್ಯೆ ಮಧ್ಯೆ ಕೇಳಿದೆನಲ್ಲ, ಕಾಲಿಗೇನಾದ್ರೂ ಆಗ್ತಿದ್ಯಾ ಅಂತ?" ಡಾಕ್ಟರ ದನಿ ಇಳಿದುಹೋಗಿತ್ತು. "ಇಲ್ಲ ಅಂತ ತಲೆ ಅಲ್ಲಾಡಿಸಿದ್ರಿ."

"ಆಗ್ತಿತ್ತು" ಅಂದ ಅಪ್ಪ.

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಿಮ್ಮ ಕೈಯಲ್ಲಿ ಕೆಲಸ ಇತ್ತಲ್ಲ ಸಾರ್. ನಾನು ಕೂಗಿ, ನಿಮ್ಮ ಕೈ ಬೆಚ್ಚಿಬಿಟ್ರೆ?"

ಡಾಕ್ಟರು ಮಂಚದ ಅಂಚಿನಲ್ಲಿ ಕೂತುಬಿಟ್ಟರು. ಅವರಿಗೆ ಅದು ಅರ್ಥವಾಗಲಿಲ್ಲ, ಅತ್ತೆಗೂ ಆಗಲಿಲ್ಲ. ನನಗೆ ಆಯಿತು. ಆಗಬಾರದಿತ್ತು ಅನ್ನಿಸಿತು.

ನರ ಚೇತರಿಸಿಕೊಳ್ಳಬಹುದು, ತಿಂಗಳುಗಳು ಬೇಕು, ಚೇತರಿಸಿಕೊಳ್ಳದೆಯೂ ಇರಬಹುದು ಎಂದರು. ತಿಂಗಳುಗಳು ಹೋದವು. ಕಾಲಿನ ನೋವು ಹೋಗಿದೆ, ಪಾದ ಮಾತ್ರ ಏಳುವುದಿಲ್ಲ. ನಡೆದರೆ ಚಪ್ಪಲಿ ಕಳಚಿ ಹಿಂದೆ ಉಳಿಯುತ್ತದೆ. ಅತ್ತೆ ಈಗ ತಮಾಷೆ ಮಾಡುವುದಿಲ್ಲ. ಬಂದರೆ ಅವಳೂ ನಮ್ಮ ಹಾಗೆ ಸುಮ್ಮನೆ ಕೂರುತ್ತಾಳೆ. ಗಾಜು ಎತ್ತಲು ಬೇರೆ ಯಾರನ್ನಾದರೂ ಇಟ್ಟುಕೊಳ್ಳೋಣ ಎಂದರೆ ಅಪ್ಪ ಕಿವಿಗೇ ಹಾಕಿಕೊಳ್ಳುವುದಿಲ್ಲ. ಆ ತುದಿ ಬಿಟ್ಟರೆ ತಾನು ಅಂಗಡಿಯಲ್ಲಿ ಬರೀ ಕೂರುವವನು ಎಂದು ಅವನಿಗೆ ಗೊತ್ತು.

ಇವತ್ತು ಒಂದು ಕಿಟಕಿಗೆ ಗಾಜು ಬೇಕಾಗಿತ್ತು. ನಾನು ಹೊಲಿದ ಪಟ್ಟಿಯನ್ನು ಎಳೆದು ನೋಡಿ ಅಪ್ಪ ಎದ್ದ. ಗಾಜು ಒರಗಿಸಿಟ್ಟ ಗೋಡೆಯ ಬಳಿ ಹೋಗಿ ಕತ್ತಾಡಿಸಿ ನನ್ನನ್ನು ಕರೆದ. ಈ ತುದಿ ನಾನು, ಆ ತುದಿ ಅವನು. ಎತ್ತಿದೆವು.

ಅವನು ಹಿಂದೆ ಹಿಂದೆ ಹೆಜ್ಜೆಯಿಡುತ್ತಿದ್ದ. ಪ್ರತಿ ಸಲವೂ ಎಡಗಾಲಿನ ಚಪ್ಪಲಿಯ ತುದಿ ಸರ್ ಎಂದು ನೆಲ ಕೆರೆಯುತ್ತಿತ್ತು. ನಡುದಾರಿಯಲ್ಲಿ ಅವನು ನಿಂತ. ಹಣೆಯ ಬೆವರು ಕಣ್ಣಿಗೆ ಇಳಿಯುತ್ತಿತ್ತು, ತುಟಿ ಬಿಗಿದುಕೊಂಡಿತ್ತು.

"ಅಪ್ಪಾ" ಅಂದೆ. ಗಾಜು ಕೈಯಲ್ಲಿದ್ದಾಗ ನಾನು ಎಂದೂ ಬಾಯಿ ಬಿಟ್ಟವಳಲ್ಲ. ಗಾಜು ಸಣ್ಣಗೆ ನಡುಗಿತು. ಅವನು ಕಣ್ಣಿನಲ್ಲೇ ಗದರಿದ. ಮತ್ತೆ ಸರ್ ಎಂದು ಒಂದು ಹೆಜ್ಜೆ.

"ಆಗ್ತಿಲ್ಲ ಅಂದ್ರೆ ಕೂಗಪ್ಪಾ. ಗಾಜು ಹೋದ್ರೆ ಹೋಗ್ಲಿ."