ಜಾಹೀರಾತುರಹಿತ

ಮಂಗಳವಾರ ಮತ್ತು ಶುಕ್ರವಾರ ರಾತ್ರಿ ಹತ್ತೂವರೆಯಾದ ಮೇಲೆ ಗೋಪನಕೊಪ್ಪದ ನಮ್ಮ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಹುಬ್ಬಳ್ಳಿಯ ಕೇಬಲ್ ವಾಹಿನಿಯೊಂದರಲ್ಲಿ ಆಗ ‘ಹತ್ತೂವರಿ ಮ್ಯಾಲ’ ಎಂಬ ಕಾರ್ಯಕ್ರಮ ಬರುತ್ತಿತ್ತು. ತೊಂಬತ್ತಾರರಿಂದ ತೊಂಬತ್ತೆಂಟರ ಕೊನೆಯವರೆಗೆ, ಮೂರು ವರ್ಷ ನಡೆಯಿತು. ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸಿ ದಣಿದಿದ್ದ ಶಂಭುಲಿಂಗ ಮಾಸ್ತರರು ಒಂದು ಬೆತ್ತದ ಕುರ್ಚಿಯಲ್ಲಿ ಕೂತು, ಎದುರಿನ ಕುರ್ಚಿಗೆ ಊರಿನ ಯಾರನ್ನಾದರೂ ಕರೆದು ಮಾತಾಡಿಸುತ್ತಿದ್ದರು. ಒಂದು ದಿನ ಗರಡಿಯ ಪೈಲ್ವಾನ, ಒಂದು ದಿನ ಹೆರಿಗೆ ಮಾಡಿಸುವ ಮುದುಕಿ, ಇನ್ನೊಂದು ದಿನ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಗಾಲಿಗೆ ಸುತ್ತಿಗೆ ತಟ್ಟಿ, ಬಿರುಕಿದೆಯೇ ಎಂದು ದನಿ ಕೇಳಿದವನು. ಬಂದವರು ತಡವರಿಸಿದರೆ ಮಾಸ್ತರರು ಕಾಯುತ್ತಿದ್ದರು. ಎದುರಿಗಿದ್ದವರ ಮಾತನ್ನು ಅವರು ನಡುವೆ ಕತ್ತರಿಸಿದ್ದು ನಾನು ನೋಡಿಲ್ಲ.

ಅಷ್ಟನ್ನೂ ನಾನು ವಿಸಿಆರ್‌ನಲ್ಲಿ ಹಿಡಿದಿಟ್ಟೆ. ಇನ್ನೂರ ತೊಂಬತ್ತೊಂದು ಸಂಚಿಕೆ, ಎಪ್ಪತ್ತಮೂರು ಕ್ಯಾಸೆಟ್. ಆಗ ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಮರುದಿನ ಸ್ಟಾಫ್ ರೂಮಿನಲ್ಲಿ ಜೊತೆಯವರು, “ನಾಗರತ್ನಕ್ಕಾ, ರಾತ್ರಿ ಮಾಸ್ತರ್ರು ಆರಾಮ ಅದಾರಿಲ್ಲೋ? ಮನ್ಯಾಗ ಯಜಮಾನ್ರಿಗೆ ಊಟಾನರ ಹಾಕಿದಿಲ್ಲೋ?” ಎಂದು ಕಾಡುತ್ತಿದ್ದರು. ನನಗೆ ಅದರಿಂದ ಸಂತೋಷವೇ ಆಗುತ್ತಿತ್ತು.

ಕಾರ್ಯಕ್ರಮದ ನಡುವೆ ಎರಡು ಸಲ ಮಾಸ್ತರರು, “ಒಂದ ಗುಟುಕ ನೀರ ಕುಡದ ಬರ್ತೇನಿ” ಎನ್ನುತ್ತಿದ್ದರು. ಆಗ ಒಬ್ಬ ಹುಡುಗಿ ಪರದೆಯ ಮೇಲೆ ಬಂದು ಸೀರೆ ಅಂಗಡಿಯ ಹೆಸರು, ಕಣ್ಣಿನ ಡಾಕ್ಟರರ ವೇಳೆ, ನಾಳೆ ಯಾವ ಓಣಿಗೆ ಎಷ್ಟು ಗಂಟೆಗೆ ನಲ್ಲಿಯಲ್ಲಿ ನೀರು ಬರುತ್ತದೆ ಎಂಬ ಪಾಳಿ, ಇಷ್ಟನ್ನು ಓದುತ್ತಿದ್ದಳು. ಮಾಸ್ತರರ ಬಾಯಿಂದ ‘ಬರ್ತೇನಿ’ ಬಂದದ್ದೇ ತಡ, ನಾನು ರಿಮೋಟಿನ ಪಾಜ್ ಗುಂಡಿ ಒತ್ತುತ್ತಿದ್ದೆ. ಅವರು ಮರಳಿ ಕುರ್ಚಿಗೆ ಬಂದಾಗ ಬಿಡುತ್ತಿದ್ದೆ. ಪ್ರತಿ ಕ್ಯಾಸೆಟ್ಟಿನ ಬೆನ್ನಿಗೂ ಕೆಂಪು ಶಾಯಿಯಲ್ಲಿ ‘ಜಾಹೀರಾತುರಹಿತ’ ಎಂದು ಬರೆಯುತ್ತಿದ್ದೆ. ಆ ಹುಡುಗಿ ಓದಿದ ಪಾಳಿಯನ್ನು ಕೇಳಿಕೊಂಡೇ ನಾನು ಬೆಳಿಗ್ಗೆ ಐದಕ್ಕೆ ಎದ್ದು ಕೊಡ ತುಂಬಿಕೊಳ್ಳುತ್ತಿದ್ದೆ. ನಮಗೆ ಎಂಟು ದಿನಕ್ಕೊಮ್ಮೆ ನೀರು. ಅವಳು ಹೇಳದಿದ್ದರೆ ತಪ್ಪಿಹೋಗುತ್ತಿತ್ತು.

ಈಗ ನನಗೆ ಎಪ್ಪತ್ತನಾಲ್ಕು. ಮಾಸ್ತರರು ತೀರಿ ಬಹಳ ವರ್ಷವಾಯಿತು, ವಾಹಿನಿ ಅದಕ್ಕೂ ಮೊದಲೇ ಮುಚ್ಚಿತು. ನಮ್ಮವರು ಹೋಗಿ ಆರು ವರ್ಷ. ಹೋದ ವರ್ಷ ಕಪಾಟು ತೆಗೆದಾಗ ಕೆಲವು ಕ್ಯಾಸೆಟ್ಟುಗಳಿಗೆ ಬಿಳಿ ಬೂಷ್ಟು ಹಿಡಿದಿತ್ತು. ದುರ್ಗದ ಬೈಲಿನ ಹತ್ತಿರ ಮದುವೆ ವಿಡಿಯೊ ಮಾಡುವ ಅಜರುದ್ದೀನರ ಅಂಗಡಿಯಲ್ಲಿ ಇನ್ನೂ ನಡೆಯುವ ವಿಸಿಆರ್ ಒಂದಿದೆ ಎಂದು ಯಾರೋ ಹೇಳಿದರು. ಅವರಿಗೆ ಐವತ್ತು ದಾಟಿದೆ. ಬೂಷ್ಟು ಹಿಡಿದ ಟೇಪನ್ನು ಮೆತ್ತನೆಯ ಬಟ್ಟೆಯಲ್ಲಿ ಒಂದೊಂದೇ ಸುತ್ತು ಒರೆಸಿ, ಕಂಪ್ಯೂಟರಿಗೆ ಇಳಿಸಿ, ಯೂಟ್ಯೂಬಿಗೆ ಹಾಕಿಕೊಡುತ್ತಿದ್ದರು. ಚಹಾ ಕುಡಿದರೆ ನನಗೆ ಎದೆ ಉರಿಯುತ್ತದೆ ಎಂದು ಒಮ್ಮೆ ಮಾತಿಗೆ ಹೇಳಿದ್ದೆ. ಅಂದಿನಿಂದ ನಾನು ಹೋಗುವಷ್ಟರಲ್ಲಿ ಒಂದು ಲೋಟ ಬಿಸಿನೀರು ಮುಚ್ಚಿಟ್ಟಿರುತ್ತಿದ್ದರು.

“ಅಕ್ಕೋರ, ಜಾಹೀರಾತು ಒಂದೂ ಇಲ್ಲಲ್ರಿ. ಭಾರಿ ಕೈ ಬಿಡ್ರಿ ನಿಮ್ದು,” ಎಂದರು ಮೊದಲ ದಿನ. ನಾನು ಹಿಗ್ಗಿದೆ. ಯೂಟ್ಯೂಬಿನಲ್ಲಿಯೂ ಪ್ರತಿ ಸಂಚಿಕೆಯ ಕೆಳಗೆ ಅದೇ ಶಬ್ದ ಹಾಕಿಸಿದೆ. ಅದರ ಕೆಳಗೆ ನನ್ನ ಹೆಸರು, ಫೋನ್ ನಂಬರು.

ಹೋದ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಫೋನ್ ಬಂತು.

“ನಾಗರತ್ನಾ ಅಕ್ಕೋರೇನ್ರಿ? ನಾನು ಶಶಿಕುಮಾರ ಅಂತ್ರಿ. ಧಾರವಾಡ, ಕೆಲಗೇರಿ. ಹೈಸ್ಕೂಲಿನ್ಯಾಗ ಹೆಡ್‌ಮಾಸ್ತರ್ ಅದೇನ್ರಿ. ನಿಮ್ಮ ‘ಹತ್ತೂವರಿ ಮ್ಯಾಲ’ ನೋಡಾಕತ್ತೇನ್ರಿ.”

“ಹೌದ್ರಿ? ಯಾವ ಯಾವ ಸಂಚಿಕಿ ನೋಡಿದ್ರಿ?”

“ನೂರಾ ನಲವತ್ತು ಹಾಕೀರಲ್ರಿ, ಅಷ್ಟೂ ನೋಡಿದೆ.”

ನನ್ನಂಥವನು ಇನ್ನೊಬ್ಬನಿದ್ದಾನೆ ಎಂದು ನನಗೆ ಎಷ್ಟು ಖುಷಿಯಾಯಿತೆಂದರೆ, ಗಾಲಿ ತಟ್ಟುವವನ ಸಂಚಿಕೆ ಹೇಗಿತ್ತು ಎಂದು ಕೇಳಿಯೇಬಿಟ್ಟೆ. ಅವರು ಹೇಳಿದರು:

“ಮಾಸ್ತರ್ನ ನೋಡಾಕಲ್ರಿ ಅಕ್ಕೋರ, ತಪ್ಪ ತಿಳ್ಕೋಬ್ಯಾಡ್ರಿ. ನಡುವ ಒಬ್ಬಾಕಿ ನೀರಿನ ಪಾಳಿ ಓದ್ತಿದ್ಲು, ನೆನಪೈತೇನ್ರಿ? ಯಶೋಧರಾ. ನಮ್ಮಕ್ಕರಿ ಆಕಿ.”

ಯಶೋಧರಾ ಇಪ್ಪತ್ತಾರನೆಯ ವಯಸ್ಸಿನಲ್ಲಿ, ಕಾರ್ಯಕ್ರಮ ನಿಂತ ಮರುವರ್ಷವೇ, ಕಾಮಾಲೆಯಿಂದ ತೀರಿಕೊಂಡಿದ್ದಳು. ಅವಳು ಓದುತ್ತಿದ್ದದ್ದು ನೇರ ಪ್ರಸಾರದಲ್ಲಿ. ಭಾನುವಾರದ ಮರುಪ್ರಸಾರ ಮುಗಿದ ಮೇಲೆ ವಾಹಿನಿಯವರು ಟೇಪು ಅಳಿಸಿಬಿಡುತ್ತಿದ್ದರು, ಏನನ್ನೂ ಉಳಿಸಿಕೊಂಡಿರಲಿಲ್ಲ. ಮನೆಯಲ್ಲಿ ಒಂದು ಫೋಟೊ ಬಿಟ್ಟರೆ ಬೇರೇನೂ ಇಲ್ಲ.

“ಅವ್ವಗ ಎಂಬತ್ಮೂರ್ರಿ. ಎರಡ ವರ್ಷಾತು, ಕಣ್ಣ ಪೂರಾ ಹೋಗ್ಯಾವು. ಫೋಟೋ ಕೊಟ್ರ ಕೈಲೆ ಸವರ್ತಾಳ, ಅಷ್ಟ. ಆಕಿ ಧ್ವನಿ ಒಂದ ಸಲ ಕೇಳಸು ಅಂತಾಳ್ರಿ. ಯೂಟ್ಯೂಬಿಗೆ ಹಾಕೂ ಮುಂದ ನೀವು ಕತ್ತರ್ಸಿರಬೇಕು. ಮೂಲ ಕ್ಯಾಸೆಟ್ಟಿನ್ಯಾಗ ಇರ್ತೈತಲ್ರಿ?”

ಆಗಲೇ ಹೇಳಬೇಕಿತ್ತು. “ನೋಡ್ತೇನ್ರಿ” ಎಂದೆ. ಅವರು ಮೂರು ಸಲ ಉಪಕಾರವಾಯಿತು ಎಂದು ಫೋನ್ ಇಟ್ಟರು.

ಒಂದೇ ಒಂದು ಆಸೆ ಇತ್ತು. ನನ್ನ ನೋಟುಬುಕ್ಕಿನಲ್ಲಿ ಅರವತ್ತಮೂರನೆಯ ಸಂಚಿಕೆಯ ಎದುರು ‘ಇವರು ಹಿಡಿದದ್ದು’ ಎಂದಿತ್ತು. ತಂಗಿ ಲಕ್ಷ್ಮೀಬಾಯಿಯ ಆಪರೇಶನ್ ಎಂದು ನಾನು ಗದಗಿಗೆ ಹೋಗಿದ್ದ ರಾತ್ರಿ ಅದು. ನಮ್ಮವರಿಗೆ ನೆಗಡಿ, ಜ್ವರ. ಆದರೂ ಹನ್ನೊಂದೂವರೆಯವರೆಗೆ ಎದ್ದು ಕೂತು ನನಗಾಗಿ ರೆಕಾರ್ಡ್ ಮಾಡಿದ್ದರು. ಪಾಜ್ ಮಾಡುವುದು ಅವರಿಗೆ ಗೊತ್ತಿರಲಿಲ್ಲ. ಹುಡುಗಿ ಓದಿದ್ದೆಲ್ಲ ಅದರಲ್ಲಿ ಬಂದಿತ್ತು. ಅದು ನನಗೆ ನೆನಪಿತ್ತು.

ಮರುದಿನವೇ ಕ್ಯಾಸೆಟ್ ಒಯ್ದೆ. ಅಜರುದ್ದೀನರು ಹಾಕಿದರು. ಮಾಸ್ತರರು ಒಬ್ಬ ಕಂಬಾರನ ಜೊತೆ ಮಾತಾಡುತ್ತಿದ್ದರು. ‘ಒಂದ ಗುಟುಕ ನೀರ ಕುಡದ ಬರ್ತೇನಿ’ ಎಂದರು. ಪರದೆ ಒಮ್ಮೆ ನಡುಗಿತು. ಮಾಸ್ತರರು ಕುರ್ಚಿಯಲ್ಲೇ ಇದ್ದರು, ಕಂಬಾರನ ಮಾತು ಮುಂದುವರಿದಿತ್ತು.

ನೋಟುಬುಕ್ಕಿನ ಹಾಳೆಯನ್ನು ಮತ್ತೆ ನೋಡಿದೆ. ಅಂಚಿನಲ್ಲಿ ಸಣ್ಣಕ್ಷರದಲ್ಲಿ ನಾನೇ ಬರೆದಿದ್ದೆ: ‘ಭಾನುವಾರದ ಮರುಪ್ರಸಾರದಿಂದ ಸರಿಪಡಿಸಲಾಗಿದೆ.’

ಆಗ ಎಲ್ಲ ನೆನಪಾಯಿತು. ಊರಿಂದ ಬಂದು ಕ್ಯಾಸೆಟ್ ಹಾಕಿ ನೋಡಿ ಸಿಟ್ಟಾಗಿದ್ದೆ. “ನಿಮಗ ಒಂದ ಗುಂಡಿ ಒತ್ತಾಕ ಬರೂದಿಲ್ಲಂದ್ರ ಹೆಂಗ?” ಎಂದಿದ್ದೆ. “ಇರ್ಲಿ ಬಿಡ, ಆ ಹುಡಿಗಿನೂ ಛಲೋ ಮಾತಾಡ್ತಾಳ,” ಎಂದಿದ್ದರು ಅವರು, ಮೂಗು ಒರೆಸಿಕೊಳ್ಳುತ್ತ. ಭಾನುವಾರ ಮಧ್ಯಾಹ್ನ ಆ ಸಂಚಿಕೆ ಮತ್ತೆ ಬಂದಾಗ ಅದೇ ಟೇಪಿನ ಮೇಲೆ ಮತ್ತೆ ಹಿಡಿದೆ. ಅವರು ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ವಿಸಿಆರ್ ಮುಟ್ಟಲಿಲ್ಲ.

ನನ್ನ ಮುಖ ನೋಡಿ ಅಜರುದ್ದೀನರು ಬಿಸಿನೀರಿನ ಲೋಟವನ್ನು ಹತ್ತಿರ ಸರಿಸಿದರು.

“ನಮ್ಮ ದಂಧೇದಾಗೂ ಇದ ಐತ್ರಿ ಅಕ್ಕೋರ. ‘ಊಟದ ಪಂಕ್ತಿ ಯಾಕೋ ಅಜರೂ, ಕತ್ತರ್ಸು, ಮಂದಿ ತಿನ್ನೂದ ಏನ ನೋಡೂದು’ ಅಂತಾರ. ಹತ್ತ ವರ್ಷಕ್ಕ ಬಂದ ಕುಂಡ್ರತಾರ. ‘ಪಂಕ್ತ್ಯಾಗ ನಮ್ಮಪ್ಪ ಕುಂತಿದ್ದ, ಎಲ್ಲೈತಿ’ ಅಂತ. ಎಲ್ಲಿಂದ ತರ್ಲಿ?”

ಆಮೇಲೆ ಅವರೇ ಹೇಳಿದರು: “ನಿಮ್ಮ ಬೆರಳೇನು ಮಷೀನ್ ಅಲ್ಲಲ್ರಿ. ಒಂದೊಂದ ದಿನ ತಡಾ ಆಗಿರ್ತೈತಿ. ನೋಡೂಣು ತಡೀರಿ.”

ಒಂಬತ್ತು ದಿನ ನೋಡಿದೆವು. ಅಂಗಡಿಯ ಕೆಲಸ ಬದಿಗಿಟ್ಟು ಅವರು ಪ್ರತಿ ಸಂಚಿಕೆಯ ಎರಡೂ ಜೋಡಣೆಗಳನ್ನು ನಿಧಾನಕ್ಕೆ ಓಡಿಸಿದರು. ಮೂವತ್ತು ವರ್ಷದ ಹಿಂದೆ ನನ್ನ ಬೆರಳು ಎಷ್ಟು ಚುರುಕಾಗಿತ್ತು ಎಂಬುದು ನನಗೆ ಆ ಒಂಬತ್ತು ದಿನದಲ್ಲಿ ಗೊತ್ತಾಯಿತು. ಕೊನೆಗೆ ಮೂವತ್ತೊಂದು ಕಡೆ ಸಿಕ್ಕಿತು. ಹೆಚ್ಚಿನವು ಅರ್ಧ ಸೆಕೆಂಡಿನವು. ಹುಡುಗಿ ಕೈಯಲ್ಲಿಯ ಕಾಗದದಿಂದ ತಲೆ ಎತ್ತುತ್ತಾಳೆ, ಉಸಿರು ಎಳೆದುಕೊಳ್ಳುತ್ತಾಳೆ, ‘ನಮ’ ಎನ್ನುತ್ತಾಳೆ, ಮುಗಿಯಿತು. ನಾಲ್ಕು ಕಡೆ ‘ನಮಸ್ಕಾ’ವರೆಗೆ ಬಂದಿತ್ತು. ಯೂಟ್ಯೂಬಿಗೆ ಇನ್ನೂ ಹಾಕದಿದ್ದ ಒಂದು ಸಂಚಿಕೆಯಲ್ಲಿ, ನಾನು ತೂಕಡಿಸಿದ್ದ ಯಾವುದೋ ರಾತ್ರಿಯದರಲ್ಲಿ ಮಾತ್ರ, “ನಮಸ್ಕಾರ. ನಾಳೆ ಮುಂಜಾನೆ” ಎಂಬಷ್ಟು ಇತ್ತು. ಅಜರುದ್ದೀನರು ಎಲ್ಲವನ್ನೂ ಒಂದರ ಹಿಂದೊಂದು ಜೋಡಿಸಿದರು. ಒಟ್ಟು ಇಪ್ಪತ್ತೆರಡು ಸೆಕೆಂಡು.

ಅವರೇ ತಮ್ಮ ಕಾರಿನಲ್ಲಿ ನನ್ನನ್ನು ಕೆಲಗೇರಿಗೆ ಕರೆದೊಯ್ದರು. ಗೇಟಿನ ಬಳಿ ಶಶಿಕುಮಾರ ನಿಂತಿದ್ದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಅಲ್ಲಿಯೇ ಹೇಳಿದೆ. ಕ್ಯಾಸೆಟ್ಟಿನಲ್ಲಿಯೂ ಇಲ್ಲ, ಯೂಟ್ಯೂಬಿಗಾಗಿ ಕತ್ತರಿಸಿದ್ದಲ್ಲ, ಆಗಲೇ ನಾನು ಹಿಡಿಯಲಿಲ್ಲ, ಹಿಡಿದದ್ದೊಂದನ್ನೂ ಅಳಿಸಿದೆ. ಅವರು ಗೇಟಿನ ಚಿಲಕವನ್ನು ಹಾಕಿ ತೆಗೆದು ಮಾಡಿದರು.

“ಬರ್ರಿ ಒಳಗ,” ಎಂದರು ಕೊನೆಗೆ. “ಅವ್ವಗ ನೀವ ಹೇಳ್ರಿ. ನನಗ ಆಗೂದಿಲ್ಲ.”

ಅವರ ತಾಯಿ ಸಾವಂತ್ರೆವ್ವ ಮಂಚದ ಮೇಲೆ ಕಾಲು ಮಡಚಿ ಕೂತಿದ್ದರು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮಗಳ ಫೋಟೊ. ನನ್ನ ಹೆಜ್ಜೆ ಕೇಳಿ ಕೈ ಚಾಚಿ, ನನ್ನ ಕೈ ಸಿಕ್ಕಮೇಲೆ ಪಕ್ಕಕ್ಕೆ ಕೂಡಿಸಿಕೊಂಡರು.

“ಹುಬ್ಬಳ್ಳಿಯಿಂದ ಬಂದ್ರ್ಯಾ? ಬಿಸಲಾಗ ತ್ರಾಸಾತೇನೋ. ಶಶೀ, ಅಕ್ಕೋರಿಗೆ ಫ್ಯಾನ್ ಹಚ್ಚೋ.”

“ಹತ್ತೈತವ್ವಾ.”

“ಇನ್ನಷ್ಟ ಜೋರ ಮಾಡು.” ನನ್ನ ಕಡೆ ತಿರುಗಿದರು. “ಖರೇ ಹೇಳ್ತೇನ್ರಿ, ಆಕಿ ಟೀವ್ಯಾಗ ಮಾತಾಡಿದ್ದು ನಾ ಒಂದ ದಿನಾನೂ ಕೇಳಿಲ್ಲ. ಆಗ ಹುಬ್ಬಳ್ಳ್ಯಾಗ ಇದ್ವಿ, ಮನ್ಯಾಗ ಟೀವಿ ಎಲ್ಲೀದು. ಬಾಜೂದವರ ಮನ್ಯಾಗ ಇತ್ತು. ಆದ್ರ ನಸುಕಿನ್ಯಾಗ ಎದ್ದು ಹತ್ತಿ ಜಿನ್ನಿಂಗ್ ಮಿಲ್ಲಿಗೆ ಕೆಲಸಕ್ಕ ಹೋಗಬೇಕಲ್ರಿ, ಒಂಬತ್ತಕ್ಕ ಕಣ್ಣ ಮುಚ್ಚಿಬಿಡ್ತಿದ್ವು. ‘ಅವ್ವಾ, ಒಂದ ದಿನರ ಎದ್ದ ಕುಂಡ್ರ’ ಅಂತಿದ್ಲು. ‘ನಾಳೆ ಕುಂಡ್ರತೇನಿ ತಡಿಯವಾ’ ಅಂತಿದ್ದೆ.”

ಶಶಿಕುಮಾರ ಬಾಗಿಲ ಹೊರಗೆ ಹೋಗಿ ನಿಂತರು. ಅಜರುದ್ದೀನರು ನನ್ನನ್ನು ನೋಡಿದರು. ಮೊದಲು ಹೇಳಿ ಆಮೇಲೆ ಕೇಳಿಸಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಆದರೆ ಹಚ್ಚಿರೆಂದು ಅಜರುದ್ದೀನರಿಗೆ ಕೈಸನ್ನೆ ಮಾಡಿದೆ. ಅವರು ಫೋನನ್ನು ಆ ತಾಯಿಯ ಕಿವಿಯ ಹತ್ತಿರ ಹಿಡಿದು ಹಚ್ಚಿದರು.

ಉಸಿರು. ನಮ. ಉಸಿರು. ನಮ. ಉಸಿರು.

ಮೂರನೆಯದಕ್ಕೇ ಸಾವಂತ್ರೆವ್ವನ ಹಿಡಿತ ನನ್ನ ಮಣಿಕಟ್ಟಿನ ಮೇಲೆ ಬಿಗಿಯಾಯಿತು. “ಆಕೀದ,” ಎಂದರು. “ಸಾಲ್ಯಾಗ ಪದ್ಯ ಹೇಳೂ ಮುಂದನೂ ಹಿಂಗ ಉಸರ ತಗೋತಿದ್ಲು. ಮೂಗ್ನ್ಯಾಗಲ್ಲ, ಬಾಯಿಲೆ. ಹಿಂಗ ತಗೋಬ್ಯಾಡವಾ, ಗಾಳಿ ಹೊಕ್ಕೋತೈತಿ ಅಂತ ಬೈತಿದ್ದೆ.”

ಇಪ್ಪತ್ತೆರಡು ಸೆಕೆಂಡು ಮುಗಿದವು. ಅವರು ಮುಖವನ್ನು ಹಾಗೆಯೇ ಮುಂದಕ್ಕೆ ಚಾಚಿಕೊಂಡು ಕಾಯ್ದರು.

“ಹಚ್ರಿ ಮುಂದ.”

“ಮುಂದ ಇಲ್ಲವ್ವಾ,” ಎಂದೆ.

“ಯಾಕ? ಕೆಟ್ಟೈತೇನು?”

“ಕೆಟ್ಟಿಲ್ರಿ. ನಾನ ಹಿಡೀಲಿಲ್ಲ. ಆಕಿ ಬಂದ ಕೂಡ್ಲೆ ಬಂದ್ ಮಾಡ್ತಿದ್ದೆ. ಮೂರ ವರ್ಷ, ಪ್ರತಿ ಸಲಾ ಹಂಗ ಮಾಡಿದೆ.”

ಅವರು ಸಿಟ್ಟಾಗಿದ್ದರೆ ನನಗೆ ಹಗುರಾಗುತ್ತಿತ್ತು. ಸಿಟ್ಟಾಗಲಿಲ್ಲ, ನನ್ನ ಕೈಯನ್ನೂ ಬಿಡಲಿಲ್ಲ. ಆಮೇಲೆ ದನಿ ತಗ್ಗಿಸಿ, ಮಗ ಕೇಳಿಸಿಕೊಳ್ಳಬಾರದು ಎಂಬಂತೆ ನನ್ನತ್ತ ಬಾಗಿ ಕೇಳಿದರು:

“ಆಕಿ ಸರಿ ಓದ್ತಿರ್ಲಿಲ್ಲೇನ್ರಿ?”

“ಇಲ್ಲವ್ವಾ. ಭಾಳ ಛಲೋ ಓದ್ತಿದ್ಲು. ಆಕಿ ಹೇಳಿದ್ದ ಕೇಳೇ ನಾವು ನೀರ ತುಂಬ್ಕೋತಿದ್ವಿ. ತಪ್ಪ ನಂದು.”

“ನೀವು ಕೇಳೀರಲ್ಲ ಮತ್ತ. ನಾ ಕೇಳಿಲ್ಲ.” ಅವರ ಮುಖದಲ್ಲಿ ಒಂದು ಬಗೆಯ ಸಮಾಧಾನ ಮೂಡಿತು. “ಹೆಂಗ ಓದ್ತಿದ್ಲು, ಓದಿ ತೋರಸ್ರಿ.”

ನಾನು ನೆಟ್ಟಗೆ ಕೂತೆ. ನಲವತ್ತು ನಿಮಿಷದ ಯಾವ ಸಂಚಿಕೆಯನ್ನು ಕೇಳಿದರೂ ಮಾಸ್ತರರ ಮಾತನ್ನು ಈಗಲೂ ಬಾಯಿಪಾಠ ಹೇಳಬಲ್ಲೆ. “ನಮಸ್ಕಾರ,” ಎಂದು ಶುರುಮಾಡಿದೆ. “ನಾಳೆ ಮುಂಜಾನೆ ಐದು ಗಂಟೆಗೆ ಗೋಪನಕೊಪ್ಪ. ಆರೂವರೆಗೆ ಕೇಶ್ವಾಪುರ.” ಅದು ಪಾಠ ಹೇಳುವ ನನ್ನ ದನಿಯೇ ಆಗಿತ್ತು. ಅವಳು ಯಾವ ಓಣಿಯ ಹೆಸರನ್ನು ಎಳೆಯುತ್ತಿದ್ದಳು, ಎಲ್ಲಿ ನಿಲ್ಲುತ್ತಿದ್ದಳು, ಕೊನೆಗೆ ಏನೆಂದು ಮುಗಿಸುತ್ತಿದ್ದಳು, ಹುಡುಕಿದೆ, ಸಿಗಲಿಲ್ಲ. ನಿಂತೆ.

“ಹೂಂ,” ಎಂದರು ಸಾವಂತ್ರೆವ್ವ, ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದು. “ಓದ್ರಿ. ಇನ್ನೂ ಇರ್ತಿತ್ತಲ್ಲ.”